ನನ್ನ ಷಡ್ಡಕರು ಮನೆ ಬದಲಾಯಿಸಿದ್ದು

ನನ್ನ ಷಡ್ಡಕರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು ಎಂದು ನಮ್ಮ ಬಂಧುಬಳಗದಲ್ಲಿ ಒಂದು ಸುದ್ದಿ ಹಬ್ಬಿದೆ. ಇದು ಶುದ್ಧ ಸುಳ್ಳು! ಹೊಟ್ಟೆಕಿಚ್ಚು ಎನ್ನುವುದು ಬಹಳ ಸಣ್ಣ ಪದ. ನನಗಿರುವುದಕ್ಕೆ ಕನ್ನಡದಲ್ಲಿ ಇನ್ನೂ ಪದ ಹುಟ್ಟಿಲ್ಲ. ನಮ್ಮ ಮದ್ರಾಸಿನ ತಮಿಳಿನವರು ‘ವಯಿತ್ತೆರಿಚ್ಚಲ್’ ಎನ್ನುತ್ತಾರೆ. ಅರ್ಥ ಅದೇ, ಹೊಟ್ಟೆ ಉರಿಯುವುದು. ಉಚ್ಚರಿಸುವಾಗ ನಮ್ಮದಕ್ಕಿಂತ ಸ್ವಲ್ಪ ಹೆಚ್ಚು ಉರಿಯುತ್ತದೆ. ಆದರೂ ಸಾಲದು.

ಷಡ್ಡಕ ಎಂದರೆ ಹೆಂಡತಿಯ ಅಕ್ಕನ ಗಂಡ ಅಥವಾ ತಂಗಿಯ ಗಂಡ ಎಂದು ನಿಘಂಟು ಹೇಳುತ್ತದೆ. ನಿಘಂಟು ಬರೆದವರಿಗೆ ಷಡ್ಡಕರು ಇರಲಿಲ್ಲ ಎಂದು ಕಾಣುತ್ತದೆ. ಇಬ್ಬರು ಗಂಡಸರನ್ನು ಮಾವನ ಮನೆಯಲ್ಲಿ ಒಂದೇ ಪಂಕ್ತಿಯಲ್ಲಿ ಕೂರಿಸಿ, ಯಾರ ಎಲೆಗೆ ಎಷ್ಟು ತುಪ್ಪ ಬಿತ್ತು ಎಂದು ಜೀವಮಾನವಿಡೀ ಓರೆಗಣ್ಣಿನಲ್ಲಿ ನೋಡಿಕೊಂಡಿರುವಂತೆ ಮಾಡುವ ಸಂಬಂಧ ಅದು. ನಮ್ಮ ವಿಷಯದಲ್ಲಿ ತುಪ್ಪ ಯಾವಾಗಲೂ ಅವರ ಎಲೆಗೇ ಹೆಚ್ಚು ಬಿದ್ದಿದೆ. ಅವರು ಬೇಡ ಬೇಡ ಎಂದು ಕೈ ಅಡ್ಡ ಹಿಡಿಯುತ್ತಾರೆ, ಅದಕ್ಕೇ ಬಡಿಸುತ್ತಾರೆ. ನಾನು ಕೈ ಅಡ್ಡ ಹಿಡಿದ ದಿನ ಬಡಿಸುವವರು ಮುಂದಿನ ಎಲೆಗೆ ಹೋಗಿಬಿಟ್ಟರು!

ಅವರು ರೈಲ್ವೆಯಲ್ಲಿದ್ದು ನಿವೃತ್ತರಾದವರು, ವಾಸ ಕ್ರೋಂಪೇಟೆ. ನಾನು ಇನ್ನೂ ನುಂಗಂಬಾಕ್ಕಂನ ಒಂದು ವಿಮಾ ಕಚೇರಿಯಲ್ಲಿ ಪಾಲಿಸಿಗಳ ನಡುವೆ ಕೂತಿರುವವನು, ವಾಸ ತಿರುವೊಟ್ಟಿಯೂರು. ಒಂದು ಮದ್ರಾಸಿನ ದಕ್ಷಿಣದ ತುದಿ, ಇನ್ನೊಂದು ಉತ್ತರದ ತುದಿ. ನಮ್ಮ ಮಾವನವರು ಬಹಳ ಮುಂದಾಲೋಚನೆಯಿಂದ ಅಳಿಯಂದಿರನ್ನು ಆರಿಸಿದ್ದರು ಎಂದು ಈಗ ಅನ್ನಿಸುತ್ತದೆ.

ಷಡ್ಡಕರಿಗೆ ಎರಡು ಹುಚ್ಚು. ಒಂದು, ಯಾವುದಕ್ಕೆ ಜನ ಮುಗಿಬೀಳುತ್ತಾರೋ ಅದನ್ನು ಬಿಟ್ಟು ಎದ್ದುಹೋಗುವುದು. ಇನ್ನೊಂದು, ಯಾವುದಕ್ಕೆ ಒಬ್ಬನೇ ಯಜಮಾನನೋ ಅದನ್ನು ನಂಬದೆ ಇರುವುದು. ಕ್ರೋಂಪೇಟೆ ಸ್ಟೇಷನ್ನಿನ ಹತ್ತಿರ ಒಂದು ಪುಟ್ಟ ಹೋಟೆಲಿತ್ತು. ಅಲ್ಲಿಯ ಪೊಂಗಲ್ಲನ್ನು ಕಂಡುಹಿಡಿದವರು ಇವರೇ. ನನಗೂ ಕೊಡಿಸಿದರು. ತಿಂದು ನಾನು ಕಣ್ಣು ಮುಚ್ಚಿಕೊಂಡೆ, ಅಂಥ ಪೊಂಗಲ್! ಆಮೇಲೆ ಅಲ್ಲಿ ಜನ ಸಾಲು ನಿಲ್ಲತೊಡಗಿದರು. ಸಾಲು ಬಾಗಿಲಿನ ಆಚೆ ಬಂದ ದಿನ ಇವರು ಆ ಹೋಟೆಲನ್ನು ಬಿಟ್ಟರು. ನಾನು ಬಿಡಲಿಲ್ಲ, ನಾನೇಕೆ ಬಿಡಲಿ? ಒಬ್ಬನೇ ಹೋಗಿ ಕೂತೆ. ಯಜಮಾನರು ಎಲೆ ಹಾಸುತ್ತಾ, “ಸಾರ್ ಏನ್ ವರಲೆ?” ಎಂದು ಕೇಳಿದರು. ಸಾರ್ ಯಾಕೆ ಬರಲಿಲ್ಲ ಎಂದು! ಇನ್ನೊಬ್ಬ ಸಾರ್ ಅವರ ಕಣ್ಣೆದುರಿಗೇ ಪೊಂಗಲ್ಲಿಗೆ ಕಾದು ಕೂತಿದ್ದರೂ ಆ ಮನುಷ್ಯನಿಗೆ ಚಿಂತೆಯೆಲ್ಲ ಬಾರದೆ ಇದ್ದವರದ್ದೇ.

ಅವರ ಅಪಾರ್ಟ್‌ಮೆಂಟಿನ ಕಥೆ ಇನ್ನೂ ಚೆನ್ನಾಗಿದೆ. ಸಂಘಕ್ಕೆ ಒಬ್ಬರೇ ಅಧ್ಯಕ್ಷರು ಇರುವುದು ಅಪಾಯ ಎಂದು ವಾದಿಸಿ, ಅಧ್ಯಕ್ಷರ ಹುದ್ದೆಯನ್ನೇ ಎತ್ತಿಸಿಬಿಟ್ಟರು. ದಿನಕ್ಕೊಂದು ಮನೆಯವರು ಯಜಮಾನರು. ನೀರಿನ ಮೋಟಾರು ಹಾಕುವುದು, ಆರಿಸುವುದು, ಲಾರಿ ನೀರು ತರಿಸುವುದು ಎಲ್ಲ ಆ ದಿನದವರ ಜವಾಬ್ದಾರಿ. ಮಂಗಳವಾರದವರು ಹಾಕಿದ ಮೋಟಾರನ್ನು ಬುಧವಾರದವರು ತಮ್ಮದಲ್ಲವೆಂದು ಬಿಟ್ಟರು. ಟ್ಯಾಂಕು ತುಂಬಿ, ಮಾಳಿಗೆ ತುಂಬಿ, ಮೆಟ್ಟಿಲ ಮೇಲೆ ನೀರು ಇಳಿದು ಬಂತು! ಮದ್ರಾಸಿನಲ್ಲಿ, ಬೇಸಿಗೆಯಲ್ಲಿ, ಮೆಟ್ಟಿಲ ಮೇಲೆ ನೀರು! ಜನ ಇವರನ್ನು ಬೈದರೇ? ಇಲ್ಲ! ಎಲ್ಲ ಮನೆಯವರೂ ಪೊರಕೆ, ಬಕೆಟ್ಟು ಹಿಡಿದು ಹೊರಗೆ ಬಂದರಂತೆ, ಒಬ್ಬರ ಹೆಸರು ಒಬ್ಬರು ಮೊದಲ ಸಲ ಕೇಳಿಕೊಂಡರಂತೆ, ಆಮೇಲೆ ಮಾಳಿಗೆಯ ಮೇಲೆ ಎಲ್ಲರೂ ಸೇರಿ ಮೊಸರನ್ನ ತಿಂದರಂತೆ. ನಾನು ನಮ್ಮ ಅಪಾರ್ಟ್‌ಮೆಂಟಿನ ಕಾರ್ಯದರ್ಶಿಯಾಗಿ ಎಷ್ಟೋ ವರ್ಷದಿಂದ ಸರಿಯಾದ ಹೊತ್ತಿಗೆ ಮೋಟಾರು ಹಾಕಿ ಸರಿಯಾದ ಹೊತ್ತಿಗೆ ಆರಿಸುತ್ತಿದ್ದೇನೆ. ಒಬ್ಬರಾದರೂ ನನಗೆ ಒಂದು ಚಮಚ ಮೊಸರನ್ನ ಕೊಟ್ಟಿದ್ದಾರೆಯೇ?

ಇಷ್ಟನ್ನೆಲ್ಲ ನಾನು ನುಂಗಿಕೊಂಡಿದ್ದೆ. ನುಂಗಲಾಗದೆ ಹೋದದ್ದು ಅವರು ಬರೆಯಲು ಶುರು ಮಾಡಿದ ಮೇಲೆ.

ನಮ್ಮ ಮನೆತನದಲ್ಲಿ ಬರೆಯುವವನು ನಾನು. ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಮದುವೆಯ ಆಹ್ವಾನ ಪತ್ರಿಕೆಯಿಂದ ಹಿಡಿದು ಸಂಘದ ವಾರ್ಷಿಕ ವರದಿಯವರೆಗೆ ಎಲ್ಲಕ್ಕೂ ನನ್ನನ್ನೇ ಕರೆಯುತ್ತಿದ್ದರು. ಎಲ್ಲರೂ ಇರುವ ಆ ದೊಡ್ಡ ಜಾಲತಾಣಕ್ಕೆ ಮೊದಲು ಸೇರಿದವನೂ ನಾನೇ. ಅಲ್ಲಿ ನಾನು ಪ್ರಬಂಧಗಳನ್ನು ಹಾಕುತ್ತಿದ್ದೆ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಲ್ಲ ಇರುವ ಪ್ರಬಂಧಗಳು! ಷಡ್ಡಕರನ್ನು ಅಲ್ಲಿಗೆ ಸೇರಿಸಿದವನು, ಅವರ ಫೋನಿಗೆ ಕನ್ನಡದ ಕೀಲಿಮಣೆ ಹಾಕಿಕೊಟ್ಟವನು, ‘ಅರ್ಕಾವೊತ್ತು ಹೀಗೆ ಹೊಡೆಯಬೇಕು ಷಡ್ಡಕರೇ’ ಎಂದು ಬೆರಳು ಹಿಡಿದು ಕಲಿಸಿದವನು ನಾನೇ. ನನ್ನಂಥ ಮೂರ್ಖ ಇನ್ನೊಬ್ಬನಿದ್ದಾನೆಯೇ?

ಒಂದು ವಾರ ಕೂತು ನಾನು ಉಪ್ಪಿನ ಮೇಲೆ ಒಂದು ಪ್ರಬಂಧ ಬರೆದೆ. ಉಪ್ಪಿನ ಚರಿತ್ರೆ, ಉಪ್ಪಿನ ಋಣ, ಉಪ್ಪಿಗೂ ಕಣ್ಣೀರಿಗೂ ಇರುವ ನಂಟು, ಏನುಂಟು ಏನಿಲ್ಲ ಅದರಲ್ಲಿ! ನಾಲ್ಕು ಲೈಕು ಬಂದವು. ಒಂದು ಹೆಂಡತಿಯದ್ದು, ಒಂದು ಅತ್ತಿಗೆಯದ್ದು, ಅಂದರೆ ಷಡ್ಡಕರ ಹೆಂಡತಿಯದ್ದು, ಒಂದು ದಿನಾ ಎಲ್ಲರಿಗೂ ಗುಲಾಬಿ ಹೂವಿನ ಶುಭೋದಯ ಕಳಿಸುವ ಮಹನೀಯರದ್ದು, ಇನ್ನೊಂದು ಕೈತಪ್ಪಿ ಒತ್ತಿದ ನನ್ನದೇ. ಅದೇ ದಿನ ಸಂಜೆ ಷಡ್ಡಕರು ಬರೆದರು: ‘ಇವತ್ತು ಸಾಂಬಾರಿಗೆ ಉಪ್ಪು ಹಾಕಲು ಅವಳು ಮರೆತಳು. ಹೇಳಲು ನಾನು ಮರೆತೆ.’ ಅಷ್ಟೇ! ಸಾವಿರಾರು ಜನ ಮುಗಿಬಿದ್ದರು. ‘ದಾಂಪತ್ಯವೆಂದರೆ ಇದು’ ಎಂದು ಕಣ್ಣೀರು ಹಾಕಿದರು. ಸಾಂಬಾರಿನಲ್ಲಿ ಇರದ ಉಪ್ಪು ಓದುಗರ ಕಣ್ಣಿನಲ್ಲಿ! ನನ್ನ ಪ್ರಬಂಧದಲ್ಲಿ ಉಪ್ಪೂ ಇತ್ತು, ಕಣ್ಣೀರೂ ಇತ್ತು, ಯಾರಿಗೆ ಬೇಕು?

ಸಾವಿರಾರು ಜನರ ಮೆಚ್ಚುಗೆಯನ್ನಾದರೂ ಬಿಟ್ಟೇನು. ನಿಜ ಹೇಳುತ್ತೇನೆ, ನನಗೆ ಬೇಕಾಗಿದ್ದುದು ಅದಲ್ಲ. ಷಡ್ಡಕರ ಬಾಯಿಂದ ‘ಚೆನ್ನಾಗಿ ಬರೆದಿದ್ದೀರಿ’ ಎಂಬ ಒಂದು ಮಾತು ಬೇಕಾಗಿತ್ತು. ಇಷ್ಟು ವರ್ಷಗಳಲ್ಲಿ ನಾನು ಬರೆದ ಪ್ರತಿಯೊಂದನ್ನೂ ಅವರಿಗೆ ಓದಿಸಿದ್ದೇನೆ. ಓದಿ, ಕನ್ನಡಕ ತೆಗೆದು, ಒರೆಸಿ, “ಪರವಾಗಿಲ್ಲ” ಎನ್ನುತ್ತಾರೆ. ಬದಲಾವಣೆ ಇರಲಿ ಎಂದು ಒಮ್ಮೊಮ್ಮೆ ತಮಿಳಿನಲ್ಲಿ “ಪರವಾಯಿಲ್ಲೆ” ಎನ್ನುತ್ತಾರೆ! ಎರಡು ಭಾಷೆ ಬಲ್ಲ ವಿಮರ್ಶಕರಿಂದ ಎರಡು ಭಾಷೆಯಲ್ಲೂ ಒಂದೇ ಮಾತು.

ಮೊದಲು ಭಾನುವಾರವೆಂದರೆ ನಾವು ಕ್ರೋಂಪೇಟೆಗೆ ಹೋಗುವುದು ರೂಢಿ. ಅಕ್ಕತಂಗಿಯರು ಒಳಗೆ, ನಾವಿಬ್ಬರು ಬಾಲ್ಕನಿಯಲ್ಲಿ, ನಡುವೆ ಕಾಫಿ. ರೈಲ್ವೆಯಲ್ಲಿ ಅವರು ಕಂಡದ್ದು, ಆಫೀಸಿನಲ್ಲಿ ನಾನು ಕಂಡದ್ದು, ಸುಮ್ಮನೆ ಹರಟೆ. ಅವರು ಪ್ರಸಿದ್ಧರಾದ ಮೇಲೆ ಅವರ ಫೋನು ಕಾಫಿಯ ಪಕ್ಕದಲ್ಲೇ ಕೂತು ಟಿಣ್ ಟಿಣ್ ಎನ್ನತೊಡಗಿತು. ನನ್ನ ಫೋನಿಗೆ ಮೌನವ್ರತ. ಕ್ರಮೇಣ ನನಗೆ ಭಾನುವಾರ ಬೆಳಗ್ಗೆ ಮೊಣಕಾಲು ನೋಯತೊಡಗಿತು. ಸೋಮವಾರ ಆಫೀಸಿಗೆ ಹೊರಡುವ ಹೊತ್ತಿಗೆ ಸರಿಹೋಗುತ್ತಿತ್ತು. ಹೆಂಡತಿ ಒಬ್ಬಳೇ ಹೋಗಿಬರತೊಡಗಿದಳು. ಹಬ್ಬಕ್ಕೆ ಹುಣ್ಣಿಮೆಗೆ ಮಾತ್ರ ನಾನು ಮುಖ ತೋರಿಸುತ್ತಿದ್ದೆ.

ಹೀಗಿರುವಾಗ ಒಂದು ಯುಗಾದಿಗೆ ಷಡ್ಡಕರು, ಅತ್ತಿಗೆ ಇಬ್ಬರೂ ನಮ್ಮ ಮನೆಗೆ ಊಟಕ್ಕೆ ಬಂದರು. ಒಬ್ಬಟ್ಟಿಗೆ ತುಪ್ಪ ಬಿದ್ದಾಗಿತ್ತು, ಅವರಿಗೇ ಹೆಚ್ಚು. ಷಡ್ಡಕರು ತಲೆಯೆತ್ತದೆ ಹೇಳಿದರು:

“ಷಡ್ಡಕರೇ, ನಾನು ಮನೆ ಬದಲಾಯಿಸ್ಬಿಟ್ಟೆ.”

ನನ್ನ ಹೆಂಡತಿ ಸೌಟು ಕೆಳಗಿಟ್ಟಳು. “ಏನ್ ಭಾವಾ ಇದು? ಕ್ರೋಂಪೇಟೆ ಬಿಟ್ರಾ? ಅಕ್ಕ ಒಂದು ಮಾತು ಹೇಳ್ಲಿಲ್ವಲ್ಲ!”

“ನನಗೇ ಗೊತ್ತಿಲ್ಲ ಕಣೇ!” ಎಂದು ಅತ್ತಿಗೆ ಗಾಬರಿಯಾದರು. “ರೀ, ನಿನ್ನೆ ತಾನೇ ಗ್ಯಾಸ್ ಬುಕ್ ಮಾಡಿದೀನಿ. ಯಾವ ಅಡ್ರೆಸ್ಸಿಗೆ ಬರತ್ತೆ ಅದು?”

“ಗ್ಯಾಸ್ ಅಲ್ಲಿಗೇ ಬರತ್ತೆ. ಫೋನಿನಲ್ಲಿ ಮನೆ ಬದಲಾಯಿಸ್ದೆ. ಆ ದೊಡ್ಡ ಜಾಗ ಬಿಟ್ಟೆ. ಅಲ್ಲಿ ಒಬ್ಬನೇ ಯಜಮಾನ. ಅವನು ಬಾಗಿಲು ಹಾಕಿದ್ರೆ ನಾವೆಲ್ಲ ಬೀದೀಲಿ. ಈಗ ಸೇರಿರೋದು ಬೇರೆ ಥರ. ಒಬ್ಬ ಯಜಮಾನ ಅಂತ ಇಲ್ಲ. ಪುಟ್ಟ ಪುಟ್ಟ ಮನೆ, ಒಂದೊಂದನ್ನ ಒಬ್ಬೊಬ್ಬರು ನಡೆಸ್ತಾರೆ. ಆ ಮನೆಯವರು ಈ ಮನೆಯವರ ಹತ್ರ ಮಾತಾಡಬಹುದು.”

“ಅರ್ಥ ಆಗ್ಲಿಲ್ಲ ಭಾವಾ,” ಎಂದಳು ನನ್ನ ಹೆಂಡತಿ.

“ನಮ್ಮ ಮಠಗಳ ಹಾಗೆ ಅನ್ಕೋಮ್ಮಾ. ಮಠ ಬೇರೆ, ಸ್ವಾಮಿಗಳು ಬೇರೆ, ಪದ್ಧತಿ ಬೇರೆ. ಆದ್ರೆ ಈ ಮಠದ ಶಿಷ್ಯರು ಆ ಮಠದಲ್ಲೂ ಪಂಕ್ತಿಗೆ ಕೂತ್ಕೋಬಹುದು.”

“ನಿಮ್ಮ ಮಠದಲ್ಲಿ ಕನ್ನಡದವರು ಎಷ್ಟು ಜನ?” ಎಂದು ನಾನು ಕೇಳಿದೆ.

“ನಾನೊಬ್ನೇ.”

“ಅಯ್ಯೋ ರಾಮಾ! ಒಬ್ಬರೇ ಕೂತು ಉಣ್ಣೋ ಪಂಕ್ತಿ!” ಎಂದರು ಅತ್ತಿಗೆ.

ಆ ಮಠಕ್ಕೆ ಅವರು ಸೇರಿದ ಬಗೆ ಕೇಳಿ. ಹೊಸದಾಗಿ ಬರುವವರು ತಮ್ಮ ಬಗ್ಗೆ ಎರಡು ಮಾತು ಬರೆಯಬೇಕಂತೆ, ಮನೆ ನಡೆಸುವವರು ಅದನ್ನು ಓದಿ ಒಪ್ಪಬೇಕಂತೆ. ಇವರು ಏನು ಬರೆಯಬೇಕು? ‘ನಿವೃತ್ತ, ಓದುವ ಹವ್ಯಾಸ’ ಎಂದು ಬರೆದರೆ ಸಾಲದೇ? ಇಲ್ಲ. ಹಿರಿಯರ ಮುಂದೆ ಕಿವಿ ಹಿಡಿದು ಬಗ್ಗಿ ಹೇಳುತ್ತೇವಲ್ಲ, ಅದೇ ಅಭಿವಾದನ! ಋಷಿಗಳು, ಕಾಶ್ಯಪ ಗೋತ್ರ, ಸೂತ್ರ, ಶಾಖೆ, ಕೊನೆಗೆ ತಮ್ಮ ಹೆಸರು, ‘ಅಹಂ ಭೋ ಅಭಿವಾದಯೇ’! ಅದನ್ನು ಇಂಗ್ಲಿಷಿಗೆ ಬೇರೆ ಇಳಿಸಿದ್ದರು. ಹಿಮ ಬೀಳುವ ಯಾವುದೋ ದೇಶದಲ್ಲಿ ಆ ಮನೆ ನಡೆಸುವ ಪುಣ್ಯಾತ್ಮ ಉತ್ತರ ಕಳಿಸಿದನಂತೆ: ‘ನಿಮ್ಮ ಪೂರ್ವಜರನ್ನು ಕುರಿತು ತಿಳಿದು ಸಂತೋಷವಾಯಿತು. ಅವರೂ ಸೇರುತ್ತಾರೆಯೇ?’

“ಅದೆಲ್ಲ ಸರಿ. ಅಷ್ಟೊಂದು ಜನ ನಿಮ್ಮನ್ನ ಓದ್ತಿದ್ರಲ್ಲ, ಅವರ ಗತಿ ಏನು?” ಎಂದು ನಾನು ಆದಷ್ಟು ದುಃಖದ ಮುಖ ಮಾಡಿಕೊಂಡು ಕೇಳಿದೆ.

“ಅವರಿಗೇನು? ನೀವಿದೀರಲ್ಲ, ಷಡ್ಡಕರೇ,” ಎಂದರು.

ಈ ಮಾತು ನನ್ನ ಕಿವಿಗೆ ಪಟ್ಟಾಭಿಷೇಕದ ಮಂತ್ರದಂತೆ ಕೇಳಿಸಿತು. ಅಂದು ನಾನೇ ಎದ್ದು ಅವರ ಎಲೆಗೆ ಇನ್ನೊಂದು ಮಿಳ್ಳೆ ತುಪ್ಪ ಬಡಿಸಿದೆ.

ಸಿಂಹಾಸನವೇನೋ ಖಾಲಿಯಾಯಿತು. ನಾನು ಹತ್ತಿ ಕೂತೆ. ಮೊದಲ ಪ್ರಬಂಧಕ್ಕೇ ಮಳೆಯಂತೆ ಪ್ರತಿಕ್ರಿಯೆಗಳು! ತೆರೆದು ನೋಡಿದೆ. ‘ಸಾರ್, ನಿಮ್ಮ ಷಡ್ಡಕರು ಕಾಣ್ತಿಲ್ಲವಲ್ಲ?’ ‘ಆರೋಗ್ಯವಾಗಿದ್ದಾರೆ ತಾನೇ?’ ‘ಅವರಿಗೆ ನಮ್ಮ ನಮಸ್ಕಾರ ತಿಳಿಸಿ.’ ಒಬ್ಬ ತಾಯಿಯಂತೂ, ‘ಮನೆಯಲ್ಲಿ ಏನಾದರೂ ಮಾತು ಬಂತೇ?’ ಎಂದು ನೇರವಾಗಿ ನನ್ನ ಮೇಲೇ ಅನುಮಾನಪಟ್ಟರು. ಪ್ರಬಂಧದ ಬಗ್ಗೆ ಒಬ್ಬರೂ ಒಂದಕ್ಷರ ಬರೆದಿರಲಿಲ್ಲ, ಗುಲಾಬಿ ಹೂವಿನ ಮಹನೀಯರನ್ನು ಬಿಟ್ಟು. ಮನುಷ್ಯ ಇದ್ದಾಗ ಉರಿಸುವುದುಂಟು, ಇಲ್ಲದೆಯೂ ಉರಿಸಬೇಕೇ?

ಇನ್ನೂ ದೊಡ್ಡ ಉರಿ ಎಂದರೆ ಅವರು ಅಲ್ಲಿ ಸುಖವಾಗಿದ್ದುದು. ಹೆಂಡತಿ ಪ್ರತಿ ಭಾನುವಾರ ವರದಿ ತರುತ್ತಿದ್ದಳು. “ಭಾವ ಈಗ ಫೋನ್ ಒಳಗಿಟ್ಟು ಊಟ ಮಾಡ್ತಾರೆ. ಟಿಣ್ ಟಿಣ್ ಇಲ್ಲವೇ ಇಲ್ಲ. ಅಲ್ಲಿ ಜಾಹೀರಾತು ಇಲ್ಲವಂತೆ, ಯಾರಿಗೆ ಎಷ್ಟು ಲೈಕು ಅಂತ ಊರಿಗೆಲ್ಲ ಸಾರೋದಿಲ್ಲವಂತೆ, ಬರೆದದ್ದು ಬರೆದ ಸರದೀಲಿ ಬರತ್ತಂತೆ.” ಸಾವಿರಾರು ಜನರಿದ್ದಾಗ ಸುಖವಾಗಿದ್ದವರು, ಯಾರೂ ಇಲ್ಲದಿರುವಾಗಲೂ ಸುಖವಾಗಿರುವುದೆಂದರೆ ಏನು? ಅಲ್ಲಿ ಏನು ನಡೆದಿದೆ ಎಂದು ನೋಡದೆ ನನಗೆ ಅನ್ನ ಇಳಿಯಲಿಲ್ಲ.

ನನ್ನ ಹೆಸರಿನಲ್ಲಿ ಹೋಗುವುದು ಸಾಧ್ಯವೇ ಇರಲಿಲ್ಲ. ಅವರ ಹಿಂದೆ ಬಾಲದಂತೆ ಬಂದ ಎನ್ನಿಸಿಕೊಳ್ಳಲೇ? ಬೇರೆ ಹೆಸರು ಇಟ್ಟುಕೊಂಡೆ. ಕಿಟಕಿಯಿಂದ ಬರುತ್ತಿದ್ದ ಗಾಳಿಯನ್ನು ನೋಡಿ ‘ಉಪ್ಪುಗಾಳಿ’ ಎಂದು. ಯಾವ ಊರು ಎಂದು ಕೇಳಿತು. ಕಡಲಿರುವ ಕನ್ನಡದ ಊರು ಬೇಕಾಗಿತ್ತು, ಕಾರವಾರ ಎಂದು ಹಾಕಿದೆ. ಕಾರವಾರವನ್ನು ನಾನು ಕಂಡವನಲ್ಲ, ನಕ್ಷೆಯಲ್ಲಿ ಮಾತ್ರ ಪರಿಚಯ. ಏಕೆ ಸೇರುತ್ತೀರಿ ಎಂಬುದಕ್ಕೆ ‘ಸುಮ್ಮನೆ’ ಎಂದು ಬರೆದೆ. ಗೋತ್ರ ಹೇಳದಿದ್ದರೂ ಸೇರಿಸಿಕೊಂಡರು.

ಅಲ್ಲಿ ಒಂದು ಬರಹಕ್ಕೆ ಇಷ್ಟೇ ಅಕ್ಷರ ಎಂಬ ಮಿತಿ ಇತ್ತು. ನನ್ನ ಪೀಠಿಕೆಯೇ ಅದನ್ನು ದಾಟಿತು! ಕತ್ತರಿಸಿದೆ. ಪೀಠಿಕೆ ಹೋಯಿತು, ಉಪಸಂಹಾರ ಹೋಯಿತು, ‘ಪ್ರಾಯಶಃ’, ‘ವಸ್ತುತಃ’, ‘ಒಟ್ಟಿನಲ್ಲಿ ಹೇಳುವುದಾದರೆ’ ಎಲ್ಲ ಹೋದವು. ಕೊನೆಗೆ ಉಳಿದದ್ದು ಒಂದು ಬೆಳಗು, ಬುಟ್ಟಿ ಇಳಿಸಿ ಕೂತ ಒಬ್ಬ ಮೀನಿನವಳು, ಅವಳ ಬೆನ್ನ ಹಿಂದೆ ಕಡಲಿನಿಂದ ಮೇಲೆ ಬರುತ್ತಿರುವ ಸೂರ್ಯ. ನಮ್ಮ ತಿರುವೊಟ್ಟಿಯೂರಿನ ಬೆಳಗೇ. ಕೆಳಗೆ ಕಾರವಾರ ಎಂದು ಹಾಕಿ ಕಳಿಸಿದೆ.

ಭೂಗೋಳ ಬಲ್ಲ ಓದುಗರು ಇಲ್ಲಿ ಕೆಮ್ಮುತ್ತಿದ್ದೀರಿ ಎಂದು ಗೊತ್ತು. ಕಾರವಾರದ ಕಡಲು ಪಶ್ಚಿಮಕ್ಕೆ. ಅಲ್ಲಿ ಸೂರ್ಯ ಕಡಲಿನಲ್ಲಿ ಮುಳುಗುತ್ತಾನೆ, ಕಡಲಿನಿಂದ ಹುಟ್ಟುವುದಿಲ್ಲ. ಆದರೆ ಹುಟ್ಟಿದಂದಿನಿಂದ ಮದ್ರಾಸಿನ ಕಡಲನ್ನೇ ನೋಡಿದವನಿಗೆ ಸೂರ್ಯ ಇನ್ನೆಲ್ಲಿಂದ ಬರಬೇಕು ಹೇಳಿ? ನನಗೆ ಆ ಯೋಚನೆಯೇ ಹೊಳೆಯಲಿಲ್ಲ.

ಮರುದಿನ ಬೆಳಗ್ಗೆ ಎಲೆಕ್ಟ್ರಿಕ್ ಟ್ರೈನಿನಲ್ಲಿ ಆಫೀಸಿಗೆ ಹೋಗುತ್ತಿದ್ದಾಗ ಷಡ್ಡಕರ ಉತ್ತರ ಬಂತು. ‘ಬಹಳ ಚೆನ್ನಾಗಿ ಬರೆದಿದ್ದೀರಿ. ಓದಿ ಎದ್ದುಹೋಗಿ ಸ್ವಲ್ಪ ಹೊತ್ತು ಬಾಲ್ಕನಿಯಲ್ಲಿ ನಿಂತುಕೊಂಡೆ. ನಿಮ್ಮ ಕಾರವಾರದ ಸೂರ್ಯ ನಮ್ಮ ಮದ್ರಾಸಿನ ಸೂರ್ಯನ ಹಾಗೇ ಇದ್ದಾನೆ.’

ಬಹಳ! ಚೆನ್ನಾಗಿ! ಬರೆದಿದ್ದೀರಿ! ನಾನು ಓದಿದೆ, ಮತ್ತೆ ಓದಿದೆ, ಪಕ್ಕದಲ್ಲಿ ಹೂವಿನ ಬುಟ್ಟಿ ಹಿಡಿದು ಕೂತಿದ್ದ ಅಮ್ಮನಿಗೂ ತೋರಿಸೋಣ ಎನ್ನಿಸಿತು. ನುಂಗಂಬಾಕ್ಕಂ ಬಂದದ್ದೂ ತಿಳಿಯಲಿಲ್ಲ, ಹೋದದ್ದೂ ತಿಳಿಯಲಿಲ್ಲ. ಕೋಡಂಬಾಕ್ಕಂನಲ್ಲಿ ಇಳಿದು ಎದುರು ಪ್ಲಾಟ್‌ಫಾರಂಗೆ ಸೇತುವೆ ಹತ್ತುವಾಗ ನನ್ನ ಉತ್ಸಾಹ ಇದ್ದಕ್ಕಿದ್ದಂತೆ ಇಳಿದುಹೋಯಿತು. ಅವರು ಹೊಗಳಿದ್ದು ನನ್ನನ್ನಲ್ಲ. ಕಾರವಾರದ ಯಾವನೋ ಉಪ್ಪುಗಾಳಿಯನ್ನು! ನನಗೆ ಜೀವಮಾನವಿಡೀ ‘ಪರವಾಗಿಲ್ಲ’, ನಿನ್ನೆ ಮೊನ್ನೆ ಬಂದವನಿಗೆ ‘ಬಹಳ ಚೆನ್ನಾಗಿ’! ಯಾರೀ ಉಪ್ಪುಗಾಳಿ? ಅಂಥದ್ದೇನು ಬರೆದುಬಿಟ್ಟಿದ್ದಾನೆ?

ಅಂದಿನಿಂದ ಉಪ್ಪುಗಾಳಿ ಬರೆದದ್ದಕ್ಕೆಲ್ಲ ಷಡ್ಡಕರ ಮೆಚ್ಚುಗೆ. ಆ ಕಡೆಯಿಂದ ಅವರು, ಈ ಕಡೆಯಿಂದ ಅವನು, ಹರಟೆಯೇ ಹರಟೆ. ನೋಡಿ ನೋಡಿ ನನಗೆ ಸಂಕಟವಾಗುತ್ತಿತ್ತು. ಬರೆಯುತ್ತಿದ್ದವನು ನಾನೇ ಎನ್ನುವುದು ನಿಜ, ಅದರಿಂದ ಸಮಾಧಾನವೇನೂ ಆಗಲಿಲ್ಲ.

ಗೋಕುಲಾಷ್ಟಮಿಗೆ ಕ್ರೋಂಪೇಟೆಗೆ ಹೋದೆ. ತಟ್ಟೆ ತುಂಬ ಚಕ್ಕುಲಿ, ಕೋಡುಬಳೆ. ಷಡ್ಡಕರು ಬಾಯಿ ಬಿಟ್ಟರೆ ಉಪ್ಪುಗಾಳಿ!

“ಕಾರವಾರದವರೊಬ್ರು ಬರೀತಾರೆ ಷಡ್ಡಕರೇ. ಏನ್ ಬರವಣಿಗೆ ಅಂತೀರಿ! ನೀವೂ ಓದ್ಬೇಕು.”

“ಅಂಥದ್ದೇನಿದೆ ಅದ್ರಲ್ಲಿ?” ಎಂದೆ, ಕೋಡುಬಳೆಯನ್ನು ಅಗತ್ಯಕ್ಕಿಂತ ಜೋರಾಗಿ ಕಡಿಯುತ್ತಾ.

“ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಮ್ಮಿ ಇಲ್ಲ.”

“ಕಡಲು, ಗಾಳಿ, ಮೀನು! ಎಷ್ಟು ದಿನ ಅದನ್ನೇ ಬರೀತಾನೆ? ಸ್ವಲ್ಪ ಜಂಭದವನ ಹಾಗೆ ಕಾಣ್ತಾನೆ ನನಗೆ.”

“ಇಲ್ಲ ಇಲ್ಲ. ಒಳ್ಳೇ ಮನುಷ್ಯ. ಸ್ವಲ್ಪ ಬೇಗ ನೊಂದ್ಕೋತಾರೆ, ಅಷ್ಟೇ.”

“ನೀವೇನು ಕಂಡಿದೀರಾ ಅವನನ್ನ?”

ನನ್ನ ಹೆಂಡತಿ ಅಡಿಗೆಮನೆಯಿಂದಲೇ ಕೂಗಿದಳು. “ಭಾವ ನನಗೂ ಓದಿ ತೋರಿಸಿದ್ರು ಕಣ್ರೀ. ನಿಜವಾಗ್ಲೂ ಚೆನ್ನಾಗಿದೆ. ನಿಮ್ಮ ಹಾಗೆ ಎಳೆಯೋದಿಲ್ಲ ಅವರು!”

ಹೆಂಡತಿಯೂ ಹೋದಳು! ಅಂದು ಮನೆಗೆ ಬಂದವನೇ ಉಪ್ಪುಗಾಳಿಯ ಬಾಯಿ ಮುಚ್ಚಿಸಬೇಕೆಂದು ನಿರ್ಧರಿಸಿದೆ. ಆದರೆ ಕೂತೊಡನೆ ನಮ್ಮ ಬೀದಿಯಲ್ಲಿ ಬಲೆ ಹೆಣೆಯುವವನೊಬ್ಬನ ನೆನಪಾಗಿ ಅದನ್ನೇ ಬರೆದುಬಿಟ್ಟೆ. ಅದಕ್ಕೂ ‘ಬಹಳ ಚೆನ್ನಾಗಿದೆ’ ಬಂತು.

ಆಗ ನನಗೊಂದು ಉಪಾಯ ಹೊಳೆಯಿತು. ನನ್ನ ಬಗ್ಗೆ ಅವರ ನಿಜವಾದ ಅಭಿಪ್ರಾಯವನ್ನು ಉಪ್ಪುಗಾಳಿಯ ಮೂಲಕ ಹೊರಡಿಸಿದರೆ ಹೇಗೆ? ‘ನಿಮ್ಮ ಮನೆಯಲ್ಲಿ ಬೇರೆ ಯಾರಾದರೂ ಬರೆಯುತ್ತಾರೆಯೇ?’ ಎಂದು ಅಮಾಯಕನಂತೆ ಕೇಳಿದೆ.

‘ನನ್ನ ಷಡ್ಡಕರು ಬರೆಯುತ್ತಾರೆ. ನನಗೆ ಕನ್ನಡ ಟೈಪು ಮಾಡಲು ಕಲಿಸಿದವರು ಅವರೇ,’ ಎಂದರು.

‘ಹೇಗೆ ಬರೆಯುತ್ತಾರೆ?’ ಎಂದು ಕೇಳಿದೆ.

ಉತ್ತರ ಬಂತು. ‘ಅದನ್ನು ಅವರ ಹತ್ತಿರವೇ ಹೇಳಬೇಕು. ಆದರೆ ಈಗ ಅವರು ಮನೆಗೆ ಬರುವುದಿಲ್ಲ. ಮೊದಲೆಲ್ಲ ಪ್ರತಿ ಭಾನುವಾರ ಬರುತ್ತಿದ್ದರು. ಮೊಣಕಾಲು ನೋವು ಎನ್ನುತ್ತಾರೆ. ನಾನು ಏನು ತಪ್ಪು ಮಾಡಿದೆನೋ ಗೊತ್ತಿಲ್ಲ.’

ಇದಕ್ಕೆ ಉಪ್ಪುಗಾಳಿ ಏನು ಹೇಳಬೇಕು? ‘ಮೊಣಕಾಲು ನೋವು ಬಹಳ ಕೆಟ್ಟದ್ದು’ ಎಂದು ಬರೆದು ಫೋನು ಕೆಳಗಿಟ್ಟೆ. ಆ ಭಾನುವಾರ ಹೋಗೋಣವೆಂದು ಅಂಗಿ ಕೂಡ ಹಾಕಿಕೊಂಡೆ. ಇದ್ದಕ್ಕಿದ್ದಂತೆ ಹೋದರೆ ಏನು ಅಂದುಕೊಳ್ಳುತ್ತಾರೋ ಎಂದು ಅಂಗಿ ತೆಗೆದೆ. ಅದರ ಮುಂದಿನ ಭಾನುವಾರವೂ ಹಾಗೇ ಆಯಿತು.

ಆಮೇಲೆ ಒಂದು ಸಲ ಅಕ್ಕತಂಗಿಯರಿಬ್ಬರೂ ಯಾರದೋ ಗೃಹಪ್ರವೇಶಕ್ಕೆಂದು ಮೈಸೂರಿಗೆ ಹೋದರು. ಅವರು ರೈಲು ಹತ್ತಿದ ಮರುದಿನವೇ ನನಗೆ ಜ್ವರ ಬಂತು. ಸುಳ್ಳು ಮೊಣಕಾಲಲ್ಲ, ನಿಜವಾದ ಜ್ವರ. ಹೆಂಡತಿಗೆ ಹೇಳಿದರೆ ಗೃಹಪ್ರವೇಶ ಬಿಟ್ಟು ಓಡಿಬರುತ್ತಾಳೆ. ಆಫೀಸಿಗೆ ರಜೆ ಹೇಳಿ ಹೊದ್ದು ಮಲಗಿದೆ. ಗಂಜಿ ಮಾಡಿಕೊಳ್ಳಲು ಏಳಲಾಗಲಿಲ್ಲ. ಇಷ್ಟು ದೊಡ್ಡ ಮದ್ರಾಸಿನಲ್ಲಿ ಹೇಳಿಕೊಳ್ಳಲು ಯಾರೂ ಇಲ್ಲವೆನ್ನಿಸಿ ಬಹಳ ಬೇಜಾರಾಯಿತು. ಫೋನು ತೆಗೆದು ಉಪ್ಪುಗಾಳಿಯ ಹೆಸರಿನಲ್ಲಿ ಒಂದು ಸಾಲು ಬರೆದೆ: ‘ಜ್ವರ. ಮನೆಯಲ್ಲಿ ಯಾರೂ ಇಲ್ಲ. ಕಡಲಿನ ಸದ್ದು ಮಾತ್ರ ಕೇಳುತ್ತಿದೆ.’ ಹಾಗೇ ನಿದ್ದೆ ಹತ್ತಿತು.

ಮಧ್ಯಾಹ್ನ ಬಾಗಿಲು ಬಡಿದ ಸದ್ದು. ಗೋಡೆ ಹಿಡಿದುಕೊಂಡು ಹೋಗಿ ತೆಗೆದೆ. ಬಿಸಿಲಿನಲ್ಲಿ ಬೆವರು ಸುರಿಸುತ್ತಾ ಷಡ್ಡಕರು ನಿಂತಿದ್ದರು. ಒಂದು ಕೈಯಲ್ಲಿ ಟಿಫನ್ ಕ್ಯಾರಿಯರ್, ಇನ್ನೊಂದರಲ್ಲಿ ಎಳನೀರು.

“ಕಾರವಾರಕ್ಕೆ ಅಂತ ಹೊರಟೆ,” ಎಂದರು. “ಬೀಚ್ ಸ್ಟೇಷನ್ನಲ್ಲಿ ಟ್ರೈನ್ ಬದಲಾಯಿಸ್ದೆ. ಇಲ್ಲಿಗೆ ತಂದು ಬಿಡ್ತು.”

ಅವರು ಒಳಗೆ ಬಂದು, ನನ್ನ ಹಣೆ ಮುಟ್ಟಿ ನೋಡಿ, “ಮಲಕ್ಕೊಳ್ಳಿ” ಎಂದು ಗದರಿಸಿ, ಅಡಿಗೆಮನೆಯಲ್ಲಿ ತಟ್ಟೆ ಹುಡುಕಿದರು. ಮೆತ್ತಗೆ ಬೆಂದ ಅನ್ನಕ್ಕೆ ಮೆಣಸಿನ ಸಾರು ಕಲಸಿ ತಂದು ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತರು.

“ಯಾವಾಗ ಗೊತ್ತಾಯ್ತು?” ಎಂದು ಗೋಡೆ ನೋಡುತ್ತಾ ಕೇಳಿದೆ.

“ಮೊದಲ್ನೇ ದಿನವೇ. ಕಾರವಾರದಲ್ಲಿ ಸೂರ್ಯನ್ನ ಕಡಲಿಂದ ಎಬ್ಬಿಸೋರು ಮದ್ರಾಸಿನೋರೇ ಆಗಿರ್ಬೇಕಲ್ಲ.”

“ಗೊತ್ತಿದ್ದೂ ಹೊಗಳಿದ್ರಾ?”

“ಚೆನ್ನಾಗಿತ್ತು, ಹೊಗಳಿದೆ.”

“ಅದನ್ನ ಮುಖ ನೋಡಿ ಒಂದ್ಸಲ ಹೇಳ್ಬಾರ್ದಿತ್ತಾ, ಷಡ್ಡಕರೇ? ಇಷ್ಟು ವರ್ಷ ಕಾದೆ.”

“ಹೇಳಿದ್ರೆ ನೀವು ನಂಬ್ತಿದ್ರಾ? ನಾನು ಏನು ಅಂದ್ರೂ ನಿಮಗೆ ಕೊಂಕು ಅನ್ನಿಸ್ತಿತ್ತು. ಆ ಹಳೇ ಜಾಗದಲ್ಲಿ ನನಗೆ ಎಷ್ಟು ಲೈಕು, ನಿಮಗೆ ಎಷ್ಟು ಅಂತ ನೋಡೋದ್ರಲ್ಲೇ ಇದ್ರಿ.”

ಎರಡು ತುತ್ತು ಇಳಿಸಿದ ಮೇಲೆ ನನಗೆ ಧೈರ್ಯ ಬಂತು. “ನಿಜ ಹೇಳಿ. ಅಷ್ಟೊಂದು ಜನರನ್ನ ಬಿಟ್ಟು ಯಾಕೆ ಹೋದ್ರಿ? ಆ ಒಬ್ಬನೇ ಯಜಮಾನ, ಮಠ, ಅದೆಲ್ಲ ಬೇಡ.”

ಅವರು ಕನ್ನಡಕ ತೆಗೆದು ಒರೆಸಿದರು. ‘ಪರವಾಗಿಲ್ಲ’ ಎನ್ನುತ್ತಾರೆಂದು ಕಾದೆ.

“ಸಾವಿರಾರು ಜನ ಇದ್ರು, ಸರಿ. ಭಾನುವಾರ ಮನೆಗೆ ಬರೋರು ಬರೋದು ಬಿಟ್ರು. ಆ ಜಾಗ ಬಿಟ್ರೆ ಬರ್ತೀರೇನೋ ಅಂದ್ಕೊಂಡೆ. ನೀವು ಬರ್ಲಿಲ್ಲ, ಕಾರವಾರದಿಂದ ಬಂದ್ರಿ. ಹಾಗಾದ್ರೂ ಬಂದ್ರಲ್ಲ ಅಂತ ಸುಮ್ಮನಿದ್ದೆ.” ಸಾರಿನ ಡಬ್ಬಿಗೆ ಮುಚ್ಚಳ ಹಾಕುತ್ತಾ ಹೇಳಿದರು: “ಮಾವನವರಿಗೆ ಇದ್ದದ್ದು ಇಬ್ಬರೇ ಹೆಣ್ಣುಮಕ್ಕಳು. ಓದೋರು ಎಷ್ಟು ಜನ ಬೇಕಾದ್ರೂ ಸಿಕ್ತಾರೆ. ನನಗೆ ಇನ್ನೊಬ್ಬ ಷಡ್ಡಕರನ್ನ ಎಲ್ಲಿಂದ ತರ್ಲಿ?”

ಇಂಥ ಮಾತು ನನಗೆ ಯಾಕೆ ಹೊಳೆಯುವುದಿಲ್ಲ ಎಂದು ಆ ಜ್ವರದಲ್ಲೂ ಹೊಟ್ಟೆ ಒಂದು ಸಲ ಉರಿಯಿತು. ಆಮೇಲೆ ಕಣ್ಣು ಉರಿಯಿತು. ನಾನು ತಟ್ಟೆಯನ್ನು ಅವರ ಕೈಗೆ ಕೊಟ್ಟು ಗೋಡೆಯ ಕಡೆ ತಿರುಗಿ ಮಲಗಿದೆ. ಅವರು ಎದ್ದು ಹೋಗುತ್ತಾರೆಂದುಕೊಂಡೆ. ಕುರ್ಚಿ ಇನ್ನೂ ಹತ್ತಿರಕ್ಕೆ ಸರಿದ ಸದ್ದು ಕೇಳಿಸಿತು.